ಗಂಜಿ ಬೋಗುಣಿಯ ಕ್ರಿಸ್‌ಮಸ್

ಕಳೆದ ತಿಂಗಳು ಒಂದು ಮದುವೆಗೆಂದು ನಾರಾಯಣಪೇಟೆಗೆ ಹೋಗಿದ್ದೆವು. ಬಸ್ಸಿನಿಂದ ಇಳಿದವರು ಆಟೋ ಹಿಡಿಯದೆ ನೇಕಾರರ ಓಣಿಯ ಒಳಗಿಂದಲೇ ನಡೆದೆವು. ಬೆಳಗಿನ ಎಳೆಬಿಸಿಲು. ಓಣಿಯ ಉದ್ದಕ್ಕೂ ಯಾರೋ ಸೀರೆಯ ಹಾಸು, ಅಂದರೆ ಉದ್ದೆಳೆಯ ನೂಲು, ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಕುದಿಸಿದ ಹಿಟ್ಟು, ತೊಯ್ದ ನೂಲು, ಮೇಲೊಂದಿಷ್ಟು ಶೇಂಗಾ ಎಣ್ಣೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಂಭೀರ ಮುಖ ಮಾಡಿಕೊಂಡು ನನ್ನ ಗಂಡ ಸುಂದರ ನನ್ನ ಕಡೆ ತಿರುಗಿದ.

"ಏಲಕ್ಕಿ ಹಾಕ್ಯಾರೇನು, ನೋಡು."

ನಡುಬೀದಿಯಲ್ಲಿ ನಿಂತು ಇಬ್ಬರೂ ನಕ್ಕೆವು. ಗಂಜಿ ಹಚ್ಚುತ್ತಿದ್ದವನು ಕೈ ನಿಲ್ಲಿಸಿ ನಮ್ಮನ್ನೇ ನೋಡಿದ. ನೂಲಿನ ಗಂಜಿಗೆ ಏಲಕ್ಕಿ ಯಾರು ಹಾಕುತ್ತಾರೆ? ಅವನಿಗೆ ಹೇಳುತ್ತ ಕೂತರೆ ಮದುವೆಯ ಮುಹೂರ್ತ ತಪ್ಪುತ್ತಿತ್ತು. ಇಲ್ಲಿಯಾದರೆ ಹೇಳಬಹುದು.

ನಾನು ಮದುವೆಯಾಗಿ ರಾಯಚೂರಿನಿಂದ ನಾರಾಯಣಪೇಟೆಗೆ ಬಂದ ವರ್ಷದ ಚಳಿಗಾಲ ಅದು. ಸುಂದರನಿಗೆ ಗದ್ವಾಲದಲ್ಲಿ ನೌಕರಿ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಮನೆಯಲ್ಲಿ ಅತ್ತೆ ರತ್ನವ್ವ, ಮಾವ ದೇವದಾನಪ್ಪ ಮತ್ತು ನಾನು. ನಮ್ಮದು ಚರ್ಚಿನ ಪಕ್ಕದ ಓಣಿ. ಒಂದೇ ಅಂಗಳಕ್ಕೆ ಎರಡು ಮನೆ. ಆಚೆಯದು ನೇಕಾರ ಹನುಮಂತಪ್ಪನದು. ಬೆಳಗಾದರೆ ಅವನ ಮಗ್ಗದ ಸದ್ದು, ಸಂಜೆಯಾದರೆ ಅವನ ಹೆಂಡತಿ ಲಕ್ಷ್ಮವ್ವ ಮತ್ತು ನಮ್ಮತ್ತೆ ಅಂಗಳದಲ್ಲಿ ಕೂತು ಆಡುವ ಅರ್ಧ ಕನ್ನಡ, ಅರ್ಧ ತೆಲುಗಿನ ಮಾತು. ಪಾತ್ರೆ ಪಗಡ ಯಾವುದು ಯಾರ ಮನೆಯದು ಎಂಬುದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ.

ನನಗೆ ಮೊದಲಿನಿಂದಲೂ ಒಂದು ಚಟ. ಏನು ಕಂಡರೂ ಕೇಳಬೇಕು. ಇದು ಯಾಕೆ ಹೀಗೆ, ಅದು ಎಲ್ಲಿಂದ ಬಂತು, ಇದನ್ನು ಮಾಡದಿದ್ದರೆ ಏನಾಗುತ್ತದೆ. ತವರಿನಲ್ಲಿ ಬೈಸಿಕೊಂಡಿದ್ದೆ. ಇಲ್ಲಿ ಅತ್ತೆ ಬೈಯಲಿಲ್ಲ, ಹೆಸರಿಟ್ಟರು. ವಿಚಾರಣೆಗೆ ಈ ಕಡೆಯ ಹಿರಿಯರು ಇನ್ನೂ ನಿಜಾಮರ ಕಾಲದ ಕಚೇರಿ ಮಾತನ್ನೇ ಬಳಸುತ್ತಾರೆ, ದರಿಯಾಪ್ತಿ ಎನ್ನುತ್ತಾರೆ. ಬಂದ ತಿಂಗಳೊಳಗೆ ನಾನು ಓಣಿಗೆಲ್ಲ 'ದರಿಯಾಪ್ತಿ ಸೊಸಿ' ಆದೆ.

ಆ ಮನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ತಟ್ಟೆ. ಅಂಚಿನಲ್ಲಿ ಮಾವನ ಹೆಸರು ಕೊರೆಸಿದ ಸ್ಟೀಲ್ ತಟ್ಟೆ. ಅದು ಉಳಿದ ತಟ್ಟೆಗಳ ಜೊತೆ ಇರುತ್ತಿರಲಿಲ್ಲ, ಕಟ್ಟೆಯ ಮೇಲಿನ ಗೂಡಿನಲ್ಲಿ ಒಂಟಿಯಾಗಿ ಇರುತ್ತಿತ್ತು. ಮಾವನಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳಿನ ಗಾಯ ಮಾಯದೆ ಬಹಳ ಕಾಡಿತ್ತು. ಡಾಕ್ಟರು ಬಿಳಿ ಅನ್ನ, ಸಿಹಿ, ಡಾಲ್ಡಾ ಎಲ್ಲ ಬಿಡಿಸಿದ್ದರು. ಅಂದಿನಿಂದ ಅವರಿಗೆ ಬೇರೆ ಅಡುಗೆ, ಬೇರೆ ತಟ್ಟೆ. ಅವರು ಮಂಚವನ್ನೂ ಹೊರಗಿನ ಪಡಸಾಲೆಗೆ ಹಾಕಿಸಿಕೊಂಡಿದ್ದರು. ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮನೆಯಲ್ಲಿ ಏನು ಬೇಯುತ್ತಿದೆ ಎಂದು ಕೇಳುತ್ತಲೂ ಇರಲಿಲ್ಲ.

ಇದರಲ್ಲೇನು ವಿಶೇಷ ಎನ್ನಬೇಡಿ. ಮಾವ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಕ್ರಿಸ್‌ಮಸ್ಸಿಗೆ ಚರ್ಚಿನ ಹಿಂದೆ ದೊಡ್ಡ ದೇಗು ಇಟ್ಟು, ಲವಂಗ ಚಕ್ಕೆ ಪುದೀನದ ಒಗ್ಗರಣೆ ಕೊಟ್ಟು ಬಗಾರಾ ಅನ್ನ ಮಾಡಿದರೆ ವಾಸನೆ ಮೇನ್ ರೋಡಿಗೆ ಹೋಗುತ್ತಿತ್ತಂತೆ. ಊರಿನವರಿಗೆ ಅವರು ಬಗಾರಾ ದೇವದಾನಪ್ಪ. ಅಂಥವರು ಗೋಡೆಗೆ ಮುಖ ಮಾಡಿ ಎರಡು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, 'ಪೇಷಂಟ್ ಊಟ ಆತು' ಎಂದು ಏಳುವುದನ್ನು ದಿನಾ ನೋಡುವುದು ಸುಲಭವಲ್ಲ.

ಡಿಸೆಂಬರ್ ಹುಟ್ಟಿ ಓಣಿಯ ಬಾಗಿಲುಗಳಿಗೆ ಕಾಗದದ ನಕ್ಷತ್ರ ಏರಿದವು. ನಾನೂ ಅತ್ತೆಯೂ ಹಬ್ಬದ ಅಡುಗೆಯ ಮಾತು ತೆಗೆದೆವು. ಅತ್ತೆ ತೊಗರಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು.

"ಹೋದ ಸಲ ನಾವೆಲ್ಲಾ ಒಳಗ ಕುಂತು ಬಗಾರಾ ಉಂಡ್ವಿ ಕೃಪಾ. ಅವರು ಹೊರಗ ಕುಂತು ರೊಟ್ಟಿ ತಿಂದ್ರು. ಊರಿಗೆಲ್ಲಾ ಉಣಿಸಿದ ಮನಿಷ್ಯಾ. ನನಗ ತುತ್ತು ಗಂಟಲದಾಗ ಇಳೀಲಿಲ್ಲವಾ."

"ಈ ಸಲ ಎರಡು ಅಡಿಗಿ ಮಾಡೂದು ಬ್ಯಾಡ್ರಿ ಅತ್ತಿ," ಎಂದೆ. "ಮಾವ ಏನು ಉಣ್ಣಬಹುದೋ ಅದನ್ನ ಎಲ್ಲಾರೂ ಉಣ್ಣೂಣು. ಒಂದs ಬೋಗಾಣಿ."

"ಹಬ್ಬದ ದಿನ ಬಂದ ಮಂದಿಗೆ ಪೇಷಂಟ್ ಊಟ ಹಾಕ್ತೀಯೇನು?"

"ಹಬ್ಬದಂಗ ಮಾಡಿ ಹಾಕೂಣ್ರಿ. ಹೆಂಗಂತ ನನಗೂ ಗೊತ್ತಿಲ್ಲ. ನೋಡೂಣು."

ಅತ್ತೆ ನನ್ನ ಮುಖವನ್ನೇ ನೋಡಿದರು. ಬೇಡವೆನ್ನಲಿಲ್ಲ. ಒಂದೇ ಮಾತು ಹೇಳಿದರು: "ಒಳಗ ಬಂದು ನಮ್ಮ ಸಾಲಿನಾಗ ಕುಂತ್ರ ಸಾಕವಾ. ಏನು ಉಂಡ್ರೂ ಸರಿ."

ಮಾವನ ಕಿವಿಗೆ ಸುದ್ದಿ ಬಿದ್ದಾಗ ಅವರು ಒಂದು ಕೊಕ್ಕೆ ಹಾಕಿದರು. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಈ ಕಡೆ ಎಣ್ಣೆ ಎನ್ನುತ್ತಾರೆ. "ಡಾಕ್ಟರ್ ಕಾಯಿಪಲ್ಯಾ ತಿನ್ನು ಅಂತಾನ. ಈಗಿನ ಕಾಯಿಪಲ್ಯಾದಾಗ ಬರೇ ಎಣ್ಣಿ ವಾಸನಿ. ಮೂಗಿನ ಮುಂದ ಹಿಡಿದ್ರ ಗೊತ್ತಾಗ್ತೈತಿ. ಅದನ್ನ ತಿಂದು ಸಾಯೂದಕ್ಕಿಂತ ಬಗಾರಾ ತಿಂದು ಸಾಯೂದು ಪಾಡು," ಎಂದು ಮಂಚದ ಮೇಲಿಂದಲೇ ಸಾರಿದರು. ಅದು ನೆಪವೆಂದು ನನಗೆ ಗೊತ್ತಿತ್ತು. ಆದರೆ ಅಡುಗೆಯವರ ಮೂಗು, ಸುಳ್ಳು ಹೇಳುವುದಿಲ್ಲ. ಸರಿ, ಆ ನೆಪವೂ ಉಳಿಯಬಾರದು ಎಂದುಕೊಂಡೆ. ಎಣ್ಣೆ ಹೊಡೆಯದ ಕಾಳು, ಎಣ್ಣೆ ಹೊಡೆಯದ ಪಲ್ಯ ಹುಡುಕುವುದು ಎಂದು ತೀರ್ಮಾನವಾಯಿತು. ನನ್ನ ದರಿಯಾಪ್ತಿಗೆ ಅದಕ್ಕಿಂತ ಒಳ್ಳೆಯ ಕೆಲಸ ಬೇಕೆ?

ಮೊದಲು ಸಂತೆಗೆ ಹೋದೆ. ಬದನೆಕಾಯಿ ಹಿಡಿದು, "ಎಣ್ಣಿ ಹೊಡದೀರೇನ್ರಿ?" ಎಂದು ಕೇಳಿದೆ. ಮೂರನೆಯ ಬುಟ್ಟಿಯ ಹೆಂಗಸಿಗೆ ತಾಳ್ಮೆ ಕೆಟ್ಟಿತು. "ಹೊಡೀಲಿಲ್ಲಂದ್ರ ಹುಳಾ ತಿಂತಾವು, ಹೊಡದ್ರ ನೀವು ತಿಂತೀರಿ. ಯಾರಿಗಿ ಬೆಳೀಬೇಕವಾ ನಾವು?" ಎಂದಳು. ಅವಳ ಬದನೆಕಾಯಿಯನ್ನೇ ಕೊಂಡು ಮನೆಗೆ ಬಂದೆ. ಅವು ರುಚಿಯಾಗಿಯೇ ಇದ್ದವು.

ನನ್ನ ನಾದಿನಿ ಮೇರಿಯನ್ನು ಕೊಟ್ಟದ್ದು ಮಕ್ತಲ್ ಹತ್ತಿರದ ಊರಿಗೆ. ಸ್ವಂತ ಹೊಲ ಇದೆ. ಅವಳನ್ನು ಕೇಳಿದರೆ ಹೇಗೆ ಎಂದು ಒಂದು ದಿನ ಬಸ್ಸು ಹತ್ತಿದೆ. ಹೊಲಕ್ಕೆ ಹೋದ ಮೇಲೆ ನನಗೊಂದು ವಿಚಿತ್ರ ಕಂಡಿತು. ಮುಂದೆಲ್ಲ ಹತ್ತಿ ಮತ್ತು ಭತ್ತ. ಹಿಂದೆ ಬೇಲಿಯ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ. ಅದರಲ್ಲಿ ತೊಗರಿ ಹಸಿರು ಕಾಯಿ ಕಟ್ಟಿ ನಿಂತಿತ್ತು, ಸಾಲಿನ ನಡುವೆ ಪುಂಡಿ, ಅವರೆ, ಬದುವಿಗೆ ಮೂಲಂಗಿ. ಗುಬ್ಬಿಗಳೆಲ್ಲ ಆ ಪಟ್ಟಿಯಲ್ಲೇ. ಹತ್ತಿಯ ಕಡೆ ಒಂದೂ ಇರಲಿಲ್ಲ.

"ಇದ್ಯಾಕ ಮೇರಿ, ಗುಬ್ಬಿ ಇಲ್ಲೇ ಕುಂತಾವಲ್ಲ?"

"ಅದು ಮಾರೂದು ವೈನಿ. ಇದು ಮನೀದು," ಎಂದಳು, ನಾನು ಗೊತ್ತಿರಬೇಕಾದದ್ದನ್ನು ಕೇಳಿದೆ ಎಂಬಂತೆ. "ಮನಿ ಪಟ್ಟಿಗಿ ಎಣ್ಣಿ ಹೊಡ್ಯಂಗಿಲ್ಲ. ಎಲ್ಲಾರೂ ಹಂಗs ಮಾಡ್ತಾರ."

"ನಡುವ ಗ್ವಾಡಿ ಇಲ್ಲ. ಆ ಎಣ್ಣಿ ಇಲ್ಲಿಗಿ ಹಾರಂಗಿಲ್ಲೇನು?"

ಮೇರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಗಾಳಿ ನೋಡಿ ಹೊಡಿತಾರ ನಮ್ಮವರು. ಅವರಿಗೂ ಹೊಟ್ಟಿ ಐತಲ್ಲ."

ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದೆ. ಮಾರುವುದಕ್ಕೆ ಒಂದು, ಮನೆಗೆ ಒಂದು. ನಮಗೆ ಒಂದು, ಮಾವನಿಗೆ ಒಂದು. ಒಬ್ಬರನ್ನೂ ತಪ್ಪು ಎನ್ನುವ ಹಾಗಿಲ್ಲ, ಆದರೂ ಮನಸ್ಸಿಗೆ ಸರಿಬರಲಿಲ್ಲ. ಯಾರಿಗೆಂದು ತಿಳಿದ ಮೇಲೆ ಮೇರಿ ಸುಗ್ಗಿಯಲ್ಲಿ ಆ ಪಟ್ಟಿಯಿಂದಲೇ ಎತ್ತಿಟ್ಟ ನವಣೆಯ ಚೀಲವನ್ನೇ ಎಳೆದು ತಂದಿದ್ದಳು. "ಅಪ್ಪ ಒಳಗ ಕುಂತು ಉಣ್ತಾನಂದ್ರ ಎಷ್ಟರ ಒಯ್ಯಿರಿ ವೈನಿ," ಎಂದಾಗ ಅವಳ ಕಣ್ಣು ಒದ್ದೆಯಾಗಿತ್ತು.

ಗಾಣದ ಶೇಂಗಾ ಎಣ್ಣೆ ಗದ್ವಾಲದಲ್ಲಿ ಸಿಗುತ್ತದೆ ಎಂದು ಸುಂದರ ಹೇಳಿದ. ತಂದುಕೊಟ್ಟರೆ ನನಗೆ ಸಮಾಧಾನವಾಗುವುದುಂಟೆ? ಕಣ್ಣಾರೆ ನೋಡಬೇಕೆಂದು ಹಟ ಹಿಡಿದು ಅವನ ಜೊತೆ ಹೋದೆ. ಬಸ್ಸು ಜುರಾಲಾ ಅಣೆಕಟ್ಟಿನ ಮೇಲೆ ಹೋಗುವಾಗ ಕೃಷ್ಣೆಯ ನೀರಿನ ಮೇಲಿಂದ ಬಂದ ಗಾಳಿಗೆ ಕಿವಿ ಮರಗಟ್ಟಿದವು. ಗದ್ವಾಲದ ಒಂದು ಸಂದಿಯಲ್ಲಿ ಎತ್ತು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗಾಣ ಸುತ್ತುತ್ತಿತ್ತು. ಎಣ್ಣೆ ಸಣ್ಣ ಧಾರೆಯಾಗಿ ಇಳಿಯುವುದನ್ನು ನಾನು ಎಷ್ಟು ಹೊತ್ತು ನೋಡುತ್ತ ನಿಂತೆನೋ, ಗಾಣದವನು ಸುಂದರನನ್ನು ಪಕ್ಕಕ್ಕೆ ಕರೆದು, "ಮೇಡಮ್ಮೋರು ಸರ್ಕಾರದವ್ರೇನ್ರಿ?" ಎಂದು ಕೇಳಿದನಂತೆ.

ಕೋಳಿಯ ಪ್ರಶ್ನೆ ಉಳಿದಿತ್ತು. ಅತ್ತೆ ಸಾಕಿದ ನಾಟಿ ಹುಂಜ ಮನೆಯಲ್ಲೇ ಇತ್ತು. ಅದು ಏನು ತಿನ್ನುತ್ತದೆ ಎಂದು ತಿಳಿಯಲು ಒಂದು ಬೆಳಗ್ಗೆ ಅದರ ಹಿಂದೆಯೇ ತಿರುಗಿದೆ. ತಿಪ್ಪೆ, ಬೇವಿನ ಬುಡ, ಚರ್ಚಿನ ಗೋಡೆ, ಕೊನೆಗೆ ಹನುಮಂತಪ್ಪ ಗಂಜಿ ಚೆಲ್ಲುವ ಜಾಗ. ಅಲ್ಲಿ ಅದು ಹೊಟ್ಟೆ ತುಂಬ ತಿಂದಿತು. ಬಾಗಿಲಲ್ಲಿ ನಿಂತ ಅತ್ತೆ ಹಣೆ ಚಚ್ಚಿಕೊಂಡರು. "ಕೋಳೀನೂ ಬಿಡಲಿಲ್ಲಲ್ಲವಾ ನೀನು!"

ಹೀಗೆ ಸಾಮಾನು ಕೂಡಿದವು. ಅಡುಗೆ ಮಾತ್ರ ಕೂಡಲಿಲ್ಲ. ನಾನು ಮೊರದಲ್ಲಿ ನವಣೆ ಕೇರುತ್ತಿದ್ದಾಗ ಮಾವ ಮಂಚದಿಂದ ಕತ್ತು ಎತ್ತಿ ನೋಡಿದರು.

"ಏನದು?"

"ನವಣಿರಿ ಮಾವ. ಇದರಾಗ ಬಗಾರಾ ಮಾಡೂದು."

"ನಾ ಏನು ಗುಬ್ಬಿಯೇನವಾ?" ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಮೊದಲ ಸಲ ಮಾಡಿದ ನವಣೆ ಬಗಾರಾ ಪೂರಾ ಮುದ್ದೆಯಾಯಿತು. ಸೌಟು ಹಾಕಿದರೆ ಸೌಟೇ ಎದ್ದು ಬರಲಿಲ್ಲ. ರುಚಿ ನೋಡಲು ಕರೆದಿದ್ದ ಹನುಮಂತಪ್ಪ ಒಂದು ತುತ್ತು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. "ಬ್ಯಾಸರ ಮಾಡ್ಕೋಬ್ಯಾಡವಾ. ಇದನ್ನ ನನಗ ಕೊಟ್ಟುಬಿಡು, ನೂಲಿಗಿ ಹಚ್ತೀನಿ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತು ಹಾಗೇ ನಡೆದುಬಿಡುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಬಗಾರಾ ಕೈಕೊಟ್ಟ ಮೇಲೆ ನಾನು ಸಿಹಿಗೆ ಕೈಹಾಕಿದೆ. ನವಣೆ ಹಿಟ್ಟನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಬೆಲ್ಲದ ಬದಲು ಒಂದಿಷ್ಟು ಖರ್ಜೂರ ಅರೆದು ಬೆರೆಸಿ, ತೆಳ್ಳಗೆ ಪಾಯಸದ ಹಾಗೆ ಮಾಡುವುದು. ಮಾವನಿಗೆ ಎರಡು ಚಮಚ, ಉಳಿದವರಿಗೆ ಬೇಕಾದಷ್ಟು. ಹಬ್ಬಕ್ಕೆ ಮೊದಲು ಚರ್ಚಿನ ಹುಡುಗ ಹುಡುಗಿಯರು ಮನೆಮನೆಗೆ ಹಾಡುತ್ತ ಬರುವ ರೂಢಿ ಇದೆ. ಅವರಿಗೇ ಕೊಟ್ಟು ಪರೀಕ್ಷೆ ಮಾಡೋಣ ಎಂದುಕೊಂಡೆ. ಅಷ್ಟು ಮಂದಿಗೆ ಸಾಲುವ ಪಾತ್ರೆ ನಮ್ಮಲ್ಲಿರಲಿಲ್ಲ. ಲಕ್ಷ್ಮವ್ವ ತನ್ನ ದೊಡ್ಡ ಬೋಗುಣಿ ತಿಕ್ಕಿ ತೊಳೆದು ಕೊಟ್ಟಳು. ಹನುಮಂತಪ್ಪನ ಗಂಜಿ ಬೋಗುಣಿ ಅದು. ಅವರು ಬರುವ ಹಿಂದಿನ ಸಂಜೆಯೇ ಪಾಯಸ ಆಯಿತು, ನಾನು ಮಲಗುವ ಮುಂಚೆ ಅದನ್ನು ಒಲೆಯ ಪಕ್ಕದಲ್ಲೇ ಬಿಟ್ಟಿದ್ದೆ.

ಮುಂದಿನದು ಯಾರ ತಪ್ಪೂ ಅಲ್ಲ. ರಾತ್ರಿ ಅತ್ತೆ ಅಡುಗೆಮನೆ ಸಾರಿಸುವಾಗ ಬೋಗುಣಿ ಅಡ್ಡ ಬಂತು. ಆರಲಿ ಎಂದು ಎತ್ತಿ, ಮೇಲೊಂದು ತಾಟು ಮುಚ್ಚಿ ಅಂಗಳದ ಕಲ್ಲಿನ ಮೇಲೆ ಇಟ್ಟರು. ಅತ್ತೆ ಆ ಮನೆಗೆ ಬಂದಾಗಿನಿಂದ ಆ ಬೋಗುಣಿ ಕೂರುವುದು ಆ ಕಲ್ಲಿನ ಮೇಲೆಯೇ. ಕೈ ತಾನಾಗಿಯೇ ಅಲ್ಲಿಟ್ಟಿತು. ಲಕ್ಷ್ಮವ್ವ ತನ್ನ ಗಂಜಿಯನ್ನು ಆ ದಿನ ಬೇರೆ ಪಾತ್ರೆಯಲ್ಲಿ ಮಾಡಿ ಒಳಗೆ ಇಟ್ಟುಕೊಂಡಿದ್ದಳು. ಗಂಡನಿಗೆ ಹೇಳಲು ಮರೆತಿದ್ದಳು. ಬೆಳಗಿನ ಮಬ್ಬಿನಲ್ಲಿ ಎದ್ದ ಹನುಮಂತಪ್ಪ ತನ್ನ ಬೋಗುಣಿ ತನ್ನ ಕಲ್ಲಿನ ಮೇಲೆ ಇರುವುದನ್ನು ನೋಡಿದ. ಎತ್ತಿಕೊಂಡು ಓಣಿಗೆ ನಡೆದ. ಬೇವಿನ ಮರದಿಂದ ಚರ್ಚಿನ ಗೋಡೆಯವರೆಗೆ ಕಟ್ಟಿದ್ದ ಕೆಂಪು ಹಾಸಿನ ನೂಲಿಗೆ ದೊಡ್ಡ ಕುಂಚದಿಂದ ಆ ತುದಿಯಿಂದ ಈ ತುದಿಯವರೆಗೆ ಒಪ್ಪವಾಗಿ ಹಚ್ಚಿದ.

ನಮಗೆ ಎಚ್ಚರವಾದದ್ದು ಅವನ ಕೂಗಿಗೆ. ಓಡಿ ಹೋಗಿ ನೋಡಿದರೆ ಬಿಸಿಲು ಬಿದ್ದ ನೂಲಿನ ಮೇಲೆ ಇರುವೆಗಳ ಸಾಲು. ಬೇವಿನ ಕಡೆಯಿಂದ ಒಂದು, ಗೋಡೆಯ ಕಡೆಯಿಂದ ಇನ್ನೊಂದು. ಯಾರದೋ ಆಡು ಮುಂಗಾಲು ಎತ್ತಿ ಅಂಚನ್ನು ನೆಕ್ಕುತ್ತಿತ್ತು. ಮೇಲೆ ಗುಬ್ಬಿಗಳು. ಹನುಮಂತಪ್ಪ ಒಂದು ಕೈಯಲ್ಲಿ ಕುಂಚ ಹಿಡಿದು ಆಡು ಓಡಿಸುತ್ತಿದ್ದ, ಇನ್ನೊಂದರಲ್ಲಿ ಇರುವೆ ಕೊಡವುತ್ತಿದ್ದ.

"ಏನು ಗಂಜಿ ಮಾಡೀಯೇ ಇವತ್ತ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ. "ಓಣ್ಯಾಗಿನ ಆಡೆಲ್ಲಾ ಬರಾಕತ್ಯಾವಲ್ಲ!"

"ಗಂಜಿ ಒಳಗ ಐತಲ್ಲ!" ಎಂದಳು ಲಕ್ಷ್ಮವ್ವ. ಆಮೇಲೆ ಬೋಗುಣಿ ನೋಡಿದಳು, ನನ್ನ ಮುಖ ನೋಡಿದಳು. "ಅಯ್ಯೋ ದೇವುಡಾ! ಪಾಯಸಮ್!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮದುವೆಯ ಸೀರೆಗಳ ಹಾಸು ಅದು. ಹನುಮಂತಪ್ಪನ ಎಷ್ಟು ದಿನದ ಕೆಲಸ ಅದರಲ್ಲಿತ್ತೋ. ಅವನ ಮುಖ ಬಾಡಿಹೋಗಿತ್ತು. ಆಡು ಮತ್ತೆ ಬಂದು ನೆಕ್ಕತೊಡಗಿತು.

ಆಗ ಹಿಂದಿನಿಂದ ಕೋಲಿನ ಸದ್ದು ಕೇಳಿತು. ಮಾವ. ಕಾಲಿಗೆ ಪಟ್ಟಿ ಸುತ್ತಿಕೊಂಡು, ಶಾಲು ಹೊದ್ದು, ಮಂಚ ಬಿಟ್ಟು ಓಣಿಗೆ ಬಂದಿದ್ದರು. ಗದ್ದಲ ಏನೆಂದು ನೋಡುವ ಆಸೆ ಅವರನ್ನು ಎಬ್ಬಿಸಿತ್ತು. ನೇರವಾಗಿ ಹಾಸಿನ ಹತ್ತಿರ ಹೋದರು. ಬಾಗಿ ಮೂಸಿದರು. ಒಂದು ಬೆರಳನ್ನು ನೂಲಿನ ಮೇಲೆ ಉದ್ದಕ್ಕೆ ಎಳೆದು ಬಾಯಿಗಿಟ್ಟುಕೊಂಡರು.

"ಬಣ್ಣದ ನೂಲ್ರಿ ಅದು!" ಎಂದು ಅತ್ತೆ ಕಿರುಚಿದರು.

"ನನ್ನ ಬಣ್ಣ ಪಕ್ಕಾ ಐತಿ, ಬಿಡಂಗಿಲ್ಲ," ಎಂದ ಹನುಮಂತಪ್ಪ, ಆ ಸಂಕಟದಲ್ಲೂ.

ಮಾವ ಕಣ್ಣು ಮುಚ್ಚಿ ಚಪ್ಪರಿಸಿದರು. ನನ್ನ ಕಡೆ ತಿರುಗಿದರು. "ತೆಂಗಿನ ಹಾಲು. ಖರ್ಜೂರ. ಹೌದಿಲ್ಲೋ?"

"ಹೌದ್ರಿ ಮಾವ."

"ಏಲಕ್ಕಿ ಮರ್ತಿ." ಇನ್ನೊಂದು ಸಲ ಬೆರಳು ಎಳೆದು ನೆಕ್ಕಿದರು. "ಉಪ್ಪೂ ಹಾಕಿಲ್ಲ. ಸಿಹಿಗಿ ಒಂದು ಹರಳು ಉಪ್ಪು ಬೇಕವಾ. ಇಲ್ಲಂದ್ರ ಮಕ ಇರಂಗಿಲ್ಲ ಅದಕ್ಕ."

ಒಂದು ವರ್ಷಕ್ಕೂ ಮೇಲೆ ಆ ಮನುಷ್ಯ ಅಡುಗೆಯ ಬಗ್ಗೆ ಒಂದು ಮಾತು ಆಡಿರಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಹನುಮಂತಪ್ಪನೇ ಮೊದಲು ನಕ್ಕದ್ದು. ಕುಂಚವನ್ನು ನೆಲಕ್ಕೆ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. "ದೇವದಾನಣ್ಣಾ, ಆಡಿನ ಜೋಡಿ ನೀವೂ ನೆಕ್ಕಾಕ ಶುರು ಮಾಡಿದ್ರಂದ್ರ ನನ್ನ ಸೀರಿ ಗತಿ ಏನ್ರಿ?"

ಆ ದಿನವೆಲ್ಲ ಹಾಸು ತೊಳೆಯುವುದೇ ಕೆಲಸವಾಯಿತು. ಬಿಗಿ ಸಡಿಲಿಸದೆ ಹಸಿ ಬಟ್ಟೆಯಿಂದ ಎಳೆ ಎಳೆಯಾಗಿ ಒರೆಸಬೇಕು. ಹಾಡಲು ಬಂದವರು ಹಾಡುತ್ತಲೇ ಬಟ್ಟೆ ಹಿಡಿದು ನಿಂತರು. ನನಗೆ ಪಾಯಸ ಹೋದ ಬೇಸರಕ್ಕಿಂತ ಕೌತುಕವೇ ಹೆಚ್ಚಾಗಿತ್ತು. ಎಳೆ ಹೇಗೆ ಜೋಡಿಸುತ್ತಾರೆ, ಅಂಟಿಕೊಂಡರೆ ಹೇಗೆ ಬಿಡಿಸುತ್ತಾರೆ ಎಂದು ಕೇಳಿ ಕೇಳಿ ಹನುಮಂತಪ್ಪನ ತಲೆ ತಿಂದೆ. ಸಂಜೆಗೆ ಅಸಲಿ ಗಂಜಿ ಹಚ್ಚಿ ಒಣಗಿಸಿದಾಗ ನೂಲು ಗಟ್ಟಿಯಾಗಿಯೇ ನಿಂತಿತು. ಅವನ ಮುಖಕ್ಕೆ ಕಳೆ ಬಂತು.

ಮರುದಿನ ಬೆಳಗ್ಗೆ ನಾನು ನವಣೆ ತೊಳೆಯುತ್ತಿದ್ದಾಗ ಹೊಸ್ತಿಲ ಮೇಲೆ ನೆರಳು ಬಿತ್ತು. ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ನೀರು ಎಷ್ಟು ಇಡ್ತಿ ಇದಕ್ಕ?"

"ಗೊತ್ತಿಲ್ರಿ ಮಾವ. ಅಕ್ಕಿಗಿ ಇಟ್ಟಂಗ ಇಟ್ಟಿದ್ದೆ, ಮುದ್ದಿ ಆತು."

"ನನಗೂ ಗೊತ್ತಿಲ್ಲ," ಎಂದರು. "ಈ ಗುಬ್ಬಿ ಕಾಳು ನಾ ಒಮ್ಮೆನೂ ದೇಗಿಗಿ ಹಾಕಿಲ್ಲ. ನೋಡೂಣು, ಸ್ಟೂಲ್ ತಾ."

ಅಲ್ಲಿಂದ ಹಬ್ಬದವರೆಗೆ ನಮ್ಮದು ಪರೀಕ್ಷೆಯೋ ಪರೀಕ್ಷೆ. ಮಾವ ಮಾಡಿದ ಮೊದಲ ಬೋಗುಣಿ ತಳ ಹತ್ತಿ ಕರಿಯಾಯಿತು. ಓಣಿಯಲ್ಲೆಲ್ಲ ಸೀದ ವಾಸನೆ. ಬಗಾರಾ ದೇವದಾನಪ್ಪ ಅಡುಗೆ ಸೀಯಿಸಿದ ಎಂದು ಹನುಮಂತಪ್ಪ ಕೂಗಿ ಹೇಳಿದ. ಮಾವನಿಗೆ ಸಿಟ್ಟು ಬರಲಿಲ್ಲ, ಇನ್ನೂ ಹುರುಪು ಬಂತು. ಹುರಿದು ನೋಡಿದೆವು, ನೆನೆಸಿ ನೋಡಿದೆವು, ಬಟ್ಟೆಯಲ್ಲಿ ಆರಹಾಕಿ ನೋಡಿದೆವು. ಎಲ್ಲ ಸೋತ ಅಡುಗೆ ಹುಂಜದ ಹೊಟ್ಟೆ ಸೇರಿತು. "ನೋಡವಾ, ಈಗ ನಿನ್ನ ಕೋಳಿ ಖರೇನ ಎಣ್ಣಿ ಹೊಡೀಲಾರದ ಕಾಳು ತಿಂದೈತಿ," ಎಂದು ಅತ್ತೆ ಚೇಷ್ಟೆ ಮಾಡಿದರು. ಹೀಗೆ ದರಿಯಾಪ್ತಿಯಲ್ಲಿ ಮಾವ ನನಗಿಂತ ಮುಂದೆ ಹೋದರು. ತೊಗರಿಕಾಯಿ ಮೂಸಿದರು, ಪುಂಡಿ ಸೊಪ್ಪು ಮೂಸಿದರು, ಗದ್ವಾಲದ ಎಣ್ಣೆ ಅಂಗೈಗೆ ಸವರಿ ಮೂಸಿದರು. ಎಣ್ಣೆ ವಾಸನೆಯ ದೂರು ಮಾತ್ರ ಮತ್ತೆ ಬರಲಿಲ್ಲ.

ಆದರೂ ಊಟದ ಹೊತ್ತಿಗೆ ಅವರು ಮಂಚಕ್ಕೇ ಹೋಗುತ್ತಿದ್ದರು. ಅದೇ ತಟ್ಟೆ, ಅದೇ ಗೋಡೆ. ಅಡುಗೆ ಮಾಡುವುದು ಬೇರೆ, ಎಲ್ಲರ ನಡುವೆ ಕೂತು ಉಣ್ಣುವುದು ಬೇರೆ. ಯಾಕೆ ಎಂದು ಕೇಳಲು ನನಗೂ ಧೈರ್ಯ ಬರಲಿಲ್ಲ. ಹಾಗೆ ನಾನು ಕೇಳದೆ ಉಳಿದ ಪ್ರಶ್ನೆ ಅದೊಂದೇ ಇರಬೇಕು.

ಕ್ರಿಸ್‌ಮಸ್ ದಿನ ಆರಾಧನೆ ಮುಗಿಸಿ ಬರುವ ಹೊತ್ತಿಗೆ ಅಂಗಳದಲ್ಲಿ ಒಲೆ ಹೂಡಿತ್ತು. ಮಾವ ಬಿಳಿ ಅಂಗಿ ಹಾಕಿಕೊಂಡು, ಕಾಲನ್ನು ಒಂದು ಮಣೆಯ ಮೇಲಿಟ್ಟು ಸ್ಟೂಲಿನಲ್ಲಿ ಕೂತರು. ನಾನು ಅವರ ಕೈ. "ಲವಂಗ. ಈಗ ಚಕ್ಕೆ. ಸಣ್ಣ ಮಾಡು ಉರಿ. ಪುದೀನಾ ಹರಿದು ಹಾಕು, ಕೊಯ್ಯಬ್ಯಾಡ." ಹುರಿದ ನವಣೆ ಬಿತ್ತು, ಅಳೆದ ನೀರು ಬಿತ್ತು, ಮುಚ್ಚಳದ ಮೇಲೆ ಕೆಂಡ ಬಿತ್ತು. ಮುಂದೆ ಕಾಯುವುದಷ್ಟೇ ಉಳಿಯಿತು. ಮೇರಿ ಮಕ್ಕಳೊಂದಿಗೆ ಬಂದಿದ್ದಳು. ಸುಂದರ ಹುಂಜದ ಸಾರಿಗೆ ಖಾರ ನೋಡುತ್ತಿದ್ದ. ಅತ್ತೆ ತೊಗರಿಕಾಳಿನ ಪಲ್ಯ ಇಳಿಸಿದ್ದರು. ಪಾಯಸಕ್ಕೆ ಈ ಸಲ ಏಲಕ್ಕಿಯೂ ಒಂದು ಹರಳು ಉಪ್ಪೂ ಬಿದ್ದಿದ್ದವು, ಅದನ್ನು ನಾನು ನಮ್ಮದೇ ಪಾತ್ರೆಗಳಲ್ಲಿ ಎರಡು ಸಲ ಮಾಡಿದ್ದೆ. ಎಲ್ಲರ ಕಣ್ಣು ಮುಚ್ಚಳದ ಮೇಲೆ.

ಮಾವ ತಲೆಯಾಡಿಸಿದಾಗ ತೆಗೆದೆ. ಹಬೆ ಎದ್ದಿತು. ಸೌಟಿನಿಂದ ಒಂದು ಬದಿ ಎತ್ತಿದೆ. ಕಾಳು ಕಾಳಾಗಿ ಉದುರಿತು. ತಳ ಒಂದಿಷ್ಟು ಹತ್ತಿತ್ತು, ಹತ್ತಲಿ ಬಿಡಿ. ಆ ವಾಸನೆ ಗೋಡೆ ದಾಟಿ ಹೋದದ್ದು ನಿಜ, ಏಕೆಂದರೆ ಆಚೆಯಿಂದ ಹನುಮಂತಪ್ಪನ ಮಗ್ಗ ನಿಂತಿತು.

ಒಳಗೆ ಚಾಪೆ ಹಾಸಿ ಸಾಲಾಗಿ ತಟ್ಟೆ ಇಟ್ಟೆವು. ತಿರುಗಿ ನೋಡಿದರೆ ಪಡಸಾಲೆಯ ಮಂಚದ ಮೇಲೆ ಹೆಸರು ಕೊರೆಸಿದ ಆ ತಟ್ಟೆಯೂ ಕೂತಿತ್ತು. ಅತ್ತೆ ಇಟ್ಟದ್ದು. ಬೋಗುಣಿಯನ್ನು ಕಲ್ಲಿನ ಮೇಲಿಟ್ಟ ಹಾಗೆಯೇ ಕೈ ತಾನಾಗಿ ಇಟ್ಟುಬಿಟ್ಟಿತ್ತು. ತಿಳಿದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು. ಓಡಿ ಹೋಗಿ ತೆಗೆಯಬೇಕೆನ್ನುವಷ್ಟರಲ್ಲಿ ಮಾವ ಅಲ್ಲಿಗೆ ತಲುಪಿದ್ದರು. ತಟ್ಟೆಯನ್ನು ಕೈಗೆತ್ತಿಕೊಂಡರು. ನಾವೆಲ್ಲ ನಿಂತಲ್ಲೇ ನಿಂತೆವು.

ಮಾವ ತಟ್ಟೆಯನ್ನು ನನ್ನ ಮುಂದೆ ಹಿಡಿದರು. "ಹಾಕು."

ಹಾಕಿದೆ. ಬಗಾರಾ, ಸಾರು, ಪಲ್ಯ, ಒಂದು ಬಟ್ಟಲು ಪಾಯಸ. ಅಂಚು ತುಂಬುವವರೆಗೆ ಹಾಕಿಸಿಕೊಂಡರು. ಅವರು ಅದರ ಮೇಲೆ ಒಂದು ಬಟ್ಟೆ ಮುಚ್ಚಿ ಸುಂದರನ ಕೈಗೆ ಕೊಟ್ಟರು.

"ಹನುಮಂತಪ್ಪನ ಮನಿಗಿ ಕೊಟ್ಟು ಬಾ. ಈ ಸಲ ನೂಲಿಗಿ ಹಚ್ಚಬ್ಯಾಡ ಅಂತ ಹೇಳು."

ಕೋಲನ್ನು ಗೋಡೆಗೆ ಆನಿಸಿದರು. ಹೊಸ್ತಿಲು ದಾಟಿ ಒಳಗೆ ಬಂದು ಅತ್ತೆಯ ಪಕ್ಕದ ಚಾಪೆಯ ಮೇಲೆ ನಿಧಾನವಾಗಿ ಕೂತರು. ನಾನು ಎಲ್ಲರಿಗೂ ಬಡಿಸಿದಂತೆ ಅವರಿಗೂ ಬಡಿಸಿದೆ, ಸ್ವಲ್ಪ ಕಡಿಮೆ. ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಒಂದು ತುತ್ತು ಬಾಯಿಗಿಟ್ಟರು. ಯಾರೂ ತಮ್ಮ ತಟ್ಟೆಗೆ ಕೈ ಹಾಕಿರಲಿಲ್ಲ. ಎರಡನೆಯ ತುತ್ತು, ಮೂರನೆಯ ತುತ್ತು. ಕಡೆಗೆ ತಟ್ಟೆ ಖಾಲಿಯಾದಾಗ ತಲೆ ಎತ್ತದೆ ಅದನ್ನು ನನ್ನ ಕಡೆ ಸರಿಸಿದರು.

"ಗುಬ್ಬಿಗಿ ಇನ್ನೊಂದು ಸೌಟು ಹಾಕವಾ."

ಡಾಕ್ಟರನ್ನು ನೆನೆದು ಅರ್ಧ ಸೌಟು ಹಾಕಿದೆ. ಅತ್ತೆ ಅಂದು ಊಟ ಮುಗಿಯುವವರೆಗೆ ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತಲೇ ಉಂಡರು. ಖಾರ ಹೆಚ್ಚಾಗಿದೆ ಎಂದು ಸುಂದರನ ಮೇಲೆ ಹಾಕಿದರು.

ಮುಂದಿನ ಬೇಸಿಗೆಗೆ ನನಗೆ ರಾಯಚೂರಿನಲ್ಲಿ ಕೆಲಸ ಸಿಕ್ಕಿತು, ನಾವು ಅಲ್ಲಿಗೆ ಬಂದೆವು. ಆಮೇಲಿನ ಕ್ರಿಸ್‌ಮಸ್‌ಗಳು ಹಲವು ಬಂದಿವೆ. ಮಾವನಿಗೆ ಈಗ ವಯಸ್ಸಾಗಿದೆ, ಆದರೂ ಒಲೆಯ ಪಕ್ಕದ ಸ್ಟೂಲು ಬಿಟ್ಟಿಲ್ಲ. ನಾವು ಹೋದಾಗಲೆಲ್ಲ ಈ ಸಲ ಯಾವ ಕಾಳು ತಂದೆ ಎಂದು ನನ್ನ ಚೀಲಕ್ಕೇ ಕೈ ಹಾಕುತ್ತಾರೆ.

ಕಳೆದ ತಿಂಗಳು ಮದುವೆ ಮುಗಿಸಿ ಬಂದ ಮೇಲೆ ಲಕ್ಷ್ಮವ್ವ ನಮ್ಮಿಬ್ಬರನ್ನೂ ಒಳಗೆ ಕರೆದು ಮಂಡಕ್ಕಿ ಕೊಟ್ಟಳು. ತಿಂದು ಮುಗಿಸಿದಾಗ ನನ್ನ ತಟ್ಟೆಯ ಅಂಚಿನ ಅಕ್ಷರಗಳು ಕಂಡವು. ದೇವದಾನಪ್ಪ. ನಾನು ಹೆಬ್ಬೆರಳಿನಿಂದ ಒರೆಸಿ ನೋಡಿದೆ.

"ಅವತ್ತೇ ಕೊಡಾಕ ಬಂದಿದ್ದೆ," ಎಂದಳು ಲಕ್ಷ್ಮವ್ವ. "ನಿಮ್ಮ ಅತ್ತಿ ಬಾಗಲದಾಗ ನಿಂತು, ನಮ್ಮ ಮನ್ಯಾಗ ತಟ್ಟಿ ಸಾಕಷ್ಟು ಅದಾವ, ನೀನs ಇಟ್ಕೋ ಅಂದ್ಲು. ಒಯ್ತೀಯೇನವಾ ಈಗ?"

ತಟ್ಟೆ ತೊಳೆದು, ಅವಳ ಮನೆಯ ತಟ್ಟೆಗಳ ನಡುವೆ ಇಟ್ಟು ಬಂದೆ.